ನಮ್ಮೋರೇ ತೆಗೆದಿಟ್ಟ ಮುಚ್ಚಳ

ಆ ಮನೆಯ ಯಜಮಾನನಿಗೂ ಒಂದು ಹೆಸರಿತ್ತು. ಆದರೆ ಅದು ಸಂಬಳದ ಚೀಟಿಯ ಮೇಲಷ್ಟೇ ಬಳಕೆಯಲ್ಲಿತ್ತು. ಅವನ ತಾಯಿ ಅವನನ್ನು ‘ಲೋ’ ಎನ್ನುತ್ತಿದ್ದಳು. ಮಕ್ಕಳಿಗೆ ಅವನು ಅಪ್ಪ. ಕಾಲೊನಿಯ ಎರಡೂ ಬ್ಲಾಕುಗಳ ನೀರಿನ ಟ್ಯಾಂಕು, ಪಂಪು, ಪೈಪು ನೋಡಿಕೊಳ್ಳುವವನಾದ್ದರಿಂದ ಉಳಿದವರಿಗೆಲ್ಲ ಟ್ಯಾಂಕಪ್ಪ. ಹೆಂಡತಿ ಎದುರಿಗಿದ್ದಾಗ ‘ರೀ’ ಎನ್ನುತ್ತಿದ್ದಳು, ಬೇರೆಯವರ ಹತ್ತಿರ ಅವನ ಮಾತು ಬಂದರೆ ‘ನಮ್ಮೋರು’. ‘ನಮ್ಮೋರು ಸ್ನಾನಕ್ಕೆ ಹೋಗಿದಾರೆ’, ‘ನಮ್ಮೋರಿಗೆ ಬದನೆಕಾಯಿ ಆಗಲ್ಲ’, ‘ನಮ್ಮೋರಿಗೆ ಹೇಳಿದ್ದು ಒಂದಾದ್ರೂ ನೆನಪಿದ್ರೆ ಕೇಳಿ’. ಮರ್ಯಾದೆ ಕೊಟ್ಟೇ ಗಂಡನನ್ನು ಬೈಯುವ ಈ ವಿದ್ಯೆ ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಾತಿನ ಗುಣವೇ ಹಾಗೆ: ಒಬ್ಬನಿಗೆ ಮರ್ಯಾದೆ ಕೊಟ್ಟ ಕೂಡಲೇ ಅವನು ಗುಂಪಾಗಿಬಿಡುತ್ತಾನೆ.

‘ನಮ್ಮೋರು’ ಎಂಬ ಈ ಒಂದು ಮಾತಿನಿಂದ ಮನೆ ಒಡೆಯಿತು ಎಂದರೆ ಅದು ಪೂರ್ತಿ ನಿಜವಲ್ಲ. ಒಡೆಯಲು ತಯಾರಾಗಿ ಕೂತಿದ್ದದ್ದನ್ನು ಅದು ಒಡೆಯಿತು, ಅಷ್ಟೆ.

ಕಾಲೊನಿಯಲ್ಲಿ ಹಳೇ ಬ್ಲಾಕು, ಹೊಸ ಬ್ಲಾಕು ಎಂದು ಎರಡು. ನಡುವೆ ತಂತಿಬೇಲಿ, ಬೇಲಿಗೊಂದು ಚಿಕ್ಕ ಗೇಟು. ಹಳೇ ಬ್ಲಾಕಿನ ಕೆಳಗಿನ ಎರಡು ಕೋಣೆಗಳಲ್ಲಿ ಟ್ಯಾಂಕಪ್ಪ, ಹೆಂಡತಿ, ಮುದಿ ತಾಯಿ ಮತ್ತು ಮದುವೆಯಾಗದ ಮಗ. ಮಗಳನ್ನು ಹೊಸ ಬ್ಲಾಕಿನ ಮನೆಗೇ ಕೊಟ್ಟಿದ್ದರು. ಒಲೆಯ ಮೇಲೆ ಹಾಲಿಟ್ಟು ಹೋಗಿ ಮಗಳನ್ನು ನೋಡಿಕೊಂಡು ಉಕ್ಕುವುದರೊಳಗೆ ವಾಪಸು ಬರಬಹುದು ಎಂದು ಮಕ್ಕಳ ಅಮ್ಮ ಹೇಳಿಕೊಂಡು ತಿರುಗುತ್ತಿದ್ದಳು. ಎರಡು ಸಲ ಹಾಲು ಉಕ್ಕಿಹೋಗಿತ್ತು, ಆ ಮಾತು ಬೇರೆ.

ಮಗಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಗೇಟು ದಾಟಿ ಬಂದು ಮಗುವನ್ನು ಬಿಟ್ಟರೆ ಸಂಜೆ ಕರೆದುಕೊಂಡು ಹೋಗುವುದು. ಮೂರು ವರ್ಷದ ಹೆಣ್ಣುಮಗು, ನಿಂತಲ್ಲಿ ನಿಲ್ಲದ್ದು, ಅದಕ್ಕೇ ಅದರ ಹೆಸರು ಬುಗುರಿ. ಬುಗುರಿ ಬಂದ ಮೇಲೆ ಸೊಸೆಯ ಬೆನ್ನುನೋವು ಮಾಯವಾಯಿತು ಎಂದು ಅಜ್ಜಿ ಚುಡಾಯಿಸುತ್ತಿದ್ದಳು. ಮಾಯವಾಗಿರಲಿಲ್ಲ, ಅದನ್ನು ನೆನೆಸಿಕೊಳ್ಳಲು ಅಮ್ಮನಿಗೆ ಪುರುಸೊತ್ತಿರಲಿಲ್ಲ. ಬೇಳೆ ಅನ್ನ ಕಲಸಿ ಆ ಮಗುವಿನ ಹಿಂದೆ ಓಡುವುದು, ಮಲಗಿಸುವುದು, ಎದ್ದರೆ ಮತ್ತೆ ಓಡುವುದು. ಅವಳಿಗೆ ಜೀವನದಲ್ಲಿ ಬೇರೇನೂ ಬೇಕಿರಲಿಲ್ಲ, ಇದೊಂದು ಹೀಗೇ ನಡೆದರೆ ಸಾಕಿತ್ತು.

ಮೊದಲು ಇಡೀ ಕಾಲೊನಿಗೆ ಫೋನಿನಲ್ಲಿ ಒಂದೇ ಗುಂಪು. ಟ್ಯಾಂಕಪ್ಪ ದಿನಾ ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು ‘ನೀರು ಬಿಟ್ಟಿದೆ, ಹಿಡ್ಕೊಳಿ’ ಎಂದು ಅದರಲ್ಲಿ ದನಿ ಹಾಕುತ್ತಿದ್ದ. ಕೆಲವರು ಅದಕ್ಕೆ ಹೂವಿನ ಚಿತ್ರ ಕಳಿಸುತ್ತಿದ್ದರು. ಕಸದ ಡಬ್ಬಿ ಯಾರ ಕಡೆ ಇರಬೇಕು ಎಂದು ಜಗಳ ಹತ್ತಿ ಗುಂಪು ಎರಡಾಯಿತು. ಹಳೇ ಬ್ಲಾಕಿನದು ‘ಮೂಲ ನಿವಾಸಿಗಳು’, ಹೊಸ ಬ್ಲಾಕಿನದು ‘ಸ್ವಚ್ಛ ಕಾಲೊನಿ’. ಎದುರುಬದುರು ನಿಂತು ಜಗಳವಾಡುವಾಗ ‘ಹೋಗ್ಲಿ ಬಿಡ್ರಪ್ಪ’ ಎನ್ನುವವನು ಒಬ್ಬನಾದರೂ ಇರುತ್ತಾನೆ. ಎದುರಿನವರೇ ಇಲ್ಲದ ಜಾಗದಲ್ಲಿ ಜಗಳ ಶುರುವಾದ ಮೇಲೆ ಎರಡೂ ಕಡೆ ಮೊದಲು ಹೊರಗೆ ಹಾಕಿದ್ದು ಅವನನ್ನೇ. ಉಳಿದವರೆಲ್ಲ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ದಿನದಿನಕ್ಕೆ ಸರಿಯಾದವರಾಗುತ್ತ ಹೋದರು.

ಮಗ ಇಂಟರ್ನೆಟ್ ತಂತಿ ಎಳೆಯುವ ಕೆಲಸದವನು. ಎರಡೂ ಬ್ಲಾಕಿನ ಮನೆಮನೆಗೂ ತಂತಿ ಎಳೆದವನು ಅವನೇ. ‘ಮೂಲ ನಿವಾಸಿಗಳು’ ಗುಂಪು ನಡೆಸುವವನೂ ಅವನೇ.

ರಜೆಯ ದಿನ ಮಗಳು ಮಗುವಿನ ಜೊತೆ ಊಟಕ್ಕೆ ಬರುವುದು ವಾಡಿಕೆ. ಅಂಥ ಒಂದು ದಿನ ತಟ್ಟೆಯ ಪಕ್ಕದಲ್ಲೇ ಫೋನು ಇಟ್ಟುಕೊಂಡಿದ್ದ ಮೊಮ್ಮಗನಿಗೆ ಅಜ್ಜಿ ಕೇಳಿದಳು:

“ಏನೋ ಅದು, ಉಣ್ಣುವಾಗಲೂ ಆ ಗಾಜು ಉಜ್ತೀಯ? ಕಿಟಕಿ ಒರೆಸೋ ಕೆಲಸಕ್ಕೆ ಸೇರಿದ್ಯಾ?”

“ನೋಡಜ್ಜಿ, ಅಕ್ಕನ ಕಡೆಯವರು ನಮ್ಮನ್ನ ಕೊಳಕರು ಅಂತ ಬರೆದಿದಾರೆ.”

“ನಿನಗೆ ಹೇಗೆ ಗೊತ್ತು?” ಎಂದಳು ಅಕ್ಕ. “ನೀನು ಆ ಗುಂಪಲ್ಲೇ ಇಲ್ವಲ್ಲ.”

“ಫೋಟೊ ಹೊಡೆದು ಕಳಿಸೋರು ಇದಾರೆ.”

“ನಮಗೂ ಇದಾರೆ. ‘ಲಿಫ್ಟಿಲ್ಲದೆ ಮೊದಲನೇ ಮಹಡಿ ಹತ್ತಲಾರದ ದೊರೆಗಳು’ ಅಂತ ಬರೆದಿದ್ದು ಯಾರು? ನಿನ್ನ ಭಾವನ ಮಂಡಿನೋವು ನಿನಗೆ ತಮಾಷೆಯಾ?”

“ಭಾವನ್ನ ಅಂದಿಲ್ಲ ನಾನು. ಆ ಜನಾನ ಅಂದಿದ್ದು.”

“ಆ ಜನದಲ್ಲಿ ನಾನೂ ಒಬ್ಬಳು ಕಣೋ.”

“ನೀನು ಬೇರೆ.”

“ನಾನು ಹೇಗೋ ಬೇರೆ?”

“ಮೊಟ್ಟೆ ಆರಿಹೋಗ್ತಿದೆ,” ಎಂದಳು ಅಮ್ಮ. ಮೊಟ್ಟೆ ಯಾರೂ ಮುಟ್ಟಲಿಲ್ಲ. ಬುಗುರಿ ಒಂದನ್ನು ಎತ್ತಿಕೊಂಡು ಹೋಗಿ ತಾತನ ಚಪ್ಪಲಿಯೊಳಗೆ ಇಟ್ಟಿತು. ಎಲ್ಲರೂ ನಕ್ಕರು. ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಅದಾದ ವಾರದಲ್ಲಿ ಅಪ್ಪ ಹೊಸ ಬ್ಲಾಕಿನ ತಾರಸಿಯಲ್ಲಿ ಟ್ಯಾಂಕು ತೊಳೆಯುತ್ತಿದ್ದ. ತೊಳೆದು ಮುಗಿದು ನೀರು ತುಂಬಲು ಬಿಟ್ಟಿದ್ದ, ಅಷ್ಟರಲ್ಲಿ ಅಮ್ಮನ ಫೋನು.

“ರೀ, ಬರ್ತೀರೋ ಇಲ್ವೋ? ತಾತ ಬಂದ ಹೊರತು ಬಾಯಿ ತೆರೆಯಲ್ಲ ಅಂತ ಇವಳು ಹಟ ಹಿಡಿದು ಕೂತಿದಾಳೆ. ಅನ್ನ ಕಲ್ಲಾಗ್ತಾ ಇದೆ.”

ಅವನು ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟು, ಉಂಡು ಬಂದು ಮುಚ್ಚಿದರಾಯಿತು ಎಂದುಕೊಂಡು ಇಳಿದು ಬಂದ. ಉಂಡ. ಮಗು ಅವನ ಹೊಟ್ಟೆಯ ಮೇಲೆ ಮಲಗಿ ನಿದ್ದೆಹೋಯಿತು, ಅದನ್ನು ಎಬ್ಬಿಸಬಾರದೆಂದು ಅವನೂ ಅಲ್ಲಾಡದೆ ಮಲಗಿದ, ಅವನಿಗೂ ಜೊಂಪು ಹತ್ತಿತು. ಎದ್ದಾಗ ಹಳೇ ಬ್ಲಾಕಿನ ಪಂಪು ಕೆಟ್ಟಿದೆ ಎಂದು ಯಾರೋ ಬಾಗಿಲು ಬಡಿಯುತ್ತಿದ್ದರು. ಮುಚ್ಚಳ ಮರೆತೇಹೋಯಿತು. ಇಷ್ಟೇ ನಡೆದದ್ದು.

ಟ್ಯಾಂಕಿನೊಳಗೆ ಪಾರಿವಾಳ ಬಿದ್ದು ಸತ್ತಿತು. ಹೊಸ ಬ್ಲಾಕಿನ ಮಕ್ಕಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ ಭೇದಿ ಶುರುವಾಯಿತು. ಬುಗುರಿಗೂ ಆಯಿತು. ಯಾರೋ ತಾರಸಿ ಹತ್ತಿ ನೋಡಿ, ಒರಗಿದ್ದ ಮುಚ್ಚಳದ್ದೂ ತೇಲುತ್ತಿದ್ದ ಪಾರಿವಾಳದ್ದೂ ಫೋಟೊ ತೆಗೆದು ‘ಸ್ವಚ್ಛ ಕಾಲೊನಿ’ಗೆ ಹಾಕಿ, ‘ಇಷ್ಟು ಭಾರದ ಮುಚ್ಚಳ ತಾನಾಗೇ ಎದ್ದು ನಡೆಯಿತಾ?’ ಎಂದು ಬರೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಎಲ್ಲಿಯೂ ಬರವಿಲ್ಲ. ಬೆಳಿಗ್ಗೆ ಬಿದ್ದಿದ್ದ ಪಾರಿವಾಳ ಮಧ್ಯಾಹ್ನಕ್ಕೆ ಯಾರೋ ಹಾಕಿದ ಪಾರಿವಾಳವಾಯಿತು, ಸಂಜೆಯ ಹೊತ್ತಿಗೆ ವಿಷವಾಯಿತು. ವಿಷ ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸುದ್ದಿ ಕೇಳಿದ ಅಪ್ಪ ಸ್ಪ್ಯಾನರು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟ.

“ಅದು ನಾನು ಕಣೇ. ಊಟಕ್ಕೆ ಬಂದವನು ಮರೆತೆ.”

ಅಮ್ಮ ಅವನ ಮುಖ ನೋಡಿದಳು. ಬೈಯಲು ಬಾಯಿ ಬರಲಿಲ್ಲ. ಕರೆದವಳು ತಾನೇ.

“ಟ್ಯಾಂಕು ಖಾಲಿ ಮಾಡಿ ಔಷಧಿ ಹಾಕಿ ತೊಳೆದು, ಆಮೇಲೆ ಎಲ್ಲರ ಮುಂದೆ ಹೇಳ್ತೀನಿ,” ಎಂದು ಅವನು ಎದ್ದು ಹೋದ.

ಅವನು ಹೋದ ಹಿಂದೆಯೇ ಆಸ್ಪತ್ರೆಯಿಂದ ಅಮ್ಮನ ಫೋನಿಗೆ ಮಗಳ ದನಿ ಬಂತು. “ಅಮ್ಮ, ಬುಗುರಿಗೆ ಸಲೈನ್ ಹಾಕಿದಾರೆ. ಭಯ ಏನಿಲ್ಲ ಅಂದ್ರು. ಆದ್ರೆ ನಿಮ್ಮ ಬ್ಲಾಕಿನವರು ಇಂಥಾ ಕೆಲಸಕ್ಕೆ ಇಳೀತಾರೆ ಅಂದ್ಕೊಂಡಿರಲಿಲ್ಲ. ಇನ್ಮೇಲೆ ಮಗುನ ಆ ಕಡೆ ಕಳಿಸಲೇಬೇಡ ಅಂತಿದಾರೆ ಇಲ್ಲಿ ಎಲ್ಲ.”

ಆ ಕೊನೆಯ ಮಾತನ್ನು ಅಮ್ಮ ಎರಡು ಸಲ ಹಾಕಿ ಕೇಳಿದಳು. ಫೋನು ಬಾಯಿಗೆ ಹಿಡಿದು, ಹೆಬ್ಬೆರಳು ಒತ್ತಿ, ಪಕ್ಕದ ಮನೆಗೆ ಕೇಳದಿರಲೆಂದು ಪಿಸುದನಿಯಲ್ಲಿ ಶುರುಮಾಡಿದಳು:

“ಅಯ್ಯೋ, ಹಾಗೆಲ್ಲ ಅನ್ನಬೇಡ ಕಣೇ. ನಮ್ಮೋರೇ ಆ ಮುಚ್ಚಳ ತೆಗೆದಿಟ್ಟಿದ್ದು. ಯಾರ ಹತ್ರನೂ ಬಾಯಿ ಬಿಡಬೇಡ...”

ಬೆವರಿಗೆ ಹೆಬ್ಬೆರಳು ಜಾರಿತು. ಅಷ್ಟು ಮಾತು ಹಾರಿಹೋಯಿತು. ಅವಳು ಮತ್ತೆ ಒತ್ತಿ ಉಳಿದದ್ದನ್ನು ಹೇಳಿದಳು: “ಬೇಕಂತ ಅಲ್ಲ. ನಾನೇ ಊಟಕ್ಕೆ ಕರೆದೆ, ಮರೆತುಬಿಟ್ರು. ಪಾಪ, ಮುಖ ನೋಡಕ್ಕಾಗಲ್ಲ.”

ಆಸ್ಪತ್ರೆಯಲ್ಲಿ ಮಗಳ ಎರಡೂ ಕೈ ಮಗುವನ್ನು ಹಿಡಿದಿದ್ದವು. ಫೋನು ಇದ್ದದ್ದು ನಾದಿನಿಯ ಕೈಯಲ್ಲಿ, ಗಂಡನ ತಂಗಿ. ಅವಳು ಕೆಟ್ಟವಳಲ್ಲ. ಎರಡು ದಿನದಿಂದ ಮಗುವಿನ ವಾಂತಿ ಬಳಿದವಳು ಅವಳೇ. ಮೊದಲನೇ ಸಂದೇಶ ಕೇಳಿದಳು, ಎರಡನೆಯದು ಬರುವಷ್ಟರಲ್ಲಿ ಅದನ್ನು ಗುಂಪಿಗೆ ದಾಟಿಸಿಯಾಗಿತ್ತು. ಮೇಲೆ ಒಂದೇ ಸಾಲು: ‘ಹಳೇ ಬ್ಲಾಕಿನವರ ಬಾಯಿಂದಲೇ ಕೇಳಿ.’

ನಮ್ಮೋರೇ ಮುಚ್ಚಳ ತೆಗೆದಿಟ್ಟಿದ್ದು. ಹಳೇ ಬ್ಲಾಕಿನ ಹೆಂಗಸು, ಪಿಸುದನಿಯಲ್ಲಿ, ಯಾರ ಹತ್ತಿರವೂ ಬಾಯಿ ಬಿಡಬೇಡ ಎನ್ನುತ್ತಿದ್ದಾಳೆ. ಇದಕ್ಕಿಂತ ಸಾಕ್ಷಿ ಬೇಕೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದರು ಹಿಂದಿನವರು. ಈಗ ಆಡಿದ ಮಾತು ಹೋಗುವುದಿಲ್ಲ, ಊರೂರು ತಿರುಗುತ್ತದೆ. ಅದಕ್ಕೆ ಯಾರೋ ಎದೆ ಹೊಡೆದುಕೊಳ್ಳುವಂಥ ಸಂಗೀತ ಸೇರಿಸಿದರು. ಕಾಲೊನಿಯ ಹೆಸರೂ ಕೇಳಿರದವರು ಕೋಪದ ಮುಖಗಳನ್ನು ಒತ್ತಿದರು.

ಮಗ ಸಂಜೆ ಕೆಲಸದಿಂದ ಬಂದವನೇ ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟ.

“ಅಮ್ಮ, ಇದು ನಿನ್ನ ದನಿ.”

ಅಮ್ಮ ಕೇಳಿದಳು. ಸಂಗೀತ ಬೇರೆ ಇದ್ದದ್ದರಿಂದ ಮೊದಲು ಯಾರೋ ಸತ್ತ ಸುದ್ದಿ ಎಂದುಕೊಂಡಳು.

“ಇದರಲ್ಲೇನಿದೆ? ನಮ್ಮೋರು ಅಂದ್ರೆ ನಿಮ್ಮಪ್ಪ ಅಲ್ವೇನೋ!”

“ನನಗೆ ಗೊತ್ತು ಕಣಮ್ಮ. ಊರಿಗೆ ಗೊತ್ತಾ?”

“ಹಾಗಾದ್ರೆ ಹೇಳು. ನಿನ್ನ ಗುಂಪಲ್ಲಿ ಹಾಕು, ಹೀಗಲ್ಲ ಹೀಗೆ ಅಂತ.”

“ಅಪ್ಪನೇ ಮಾಡಿದ್ದು ಅಂತ ನಾವಾಗೇ ಹೇಳೋದಾ? ಅಪ್ಪನೂ ಹಳೇ ಬ್ಲಾಕಿನವರೇ ತಾನೆ? ನಮ್ಮ ಬಾಯಿಂದಲೇ ಒಪ್ಪಿಸಿದ ಹಾಗಾಗುತ್ತೆ. ಅವರು ಗೆದ್ದ ಹಾಗಾಗುತ್ತೆ.”

“ಏನೋ ಗೆಲ್ಲೋದು? ಸಲೈನ್ ಹಾಕಿಸ್ಕೊಂಡಿರೋದು ನಿನ್ನ ಅಕ್ಕನ ಮಗು ಕಣೋ.”

ಮಗ ಫೋನು ತೆಗೆದು ಜೇಬಿಗೆ ಹಾಕಿಕೊಂಡ. ಅಜ್ಜಿ ಮೂಲೆಯಿಂದ, “ಯಾರಪ್ಪಾ ಸತ್ತಿದ್ದು?” ಎಂದು ಕೇಳಿದಳು. “ಪಾರಿವಾಳ,” ಎಂದ ಅವನು.

ಹಳೇ ಬ್ಲಾಕಿನವರಿಗೆ ಆ ದನಿ ಬೇರೆಯೇ ಥರ ಕೇಳಿಸಿತು. ತರಕಾರಿ ಗಾಡಿಯ ಹತ್ತಿರ ಪಕ್ಕದ ಮನೆಯ ದರ್ಜಿಯ ಹೆಂಡತಿ ಅಮ್ಮನನ್ನು ತಡೆದು ನಿಲ್ಲಿಸಿದಳು. ಇಪ್ಪತ್ತು ವರ್ಷದಿಂದ ಸಕ್ಕರೆ ಹಾಲು ಕೊಟ್ಟು ತೆಗೆದುಕೊಂಡವರು.

“ನಮ್ಮೋರೇ ಅಂತ ಹೇಳಿದ್ಯಲ್ಲ, ನಮ್ಮಲ್ಲಿ ಯಾರು ಅಂತನೂ ಹೇಳ್ಬಿಡು. ನನ್ನ ಮಗನಾ? ನನ್ನ ಗಂಡನಾ?”

“ಅಯ್ಯೋ, ನಮ್ಮೋರು ಅಂದ್ರೆ ನಮ್ಮೋರು ಕಣೇ! ನಮ್ಮ ಯಜಮಾನ್ರು!”

“ಓಹೋ. ಮಗಳ ಮನೆಯವರನ್ನ ಮೆಚ್ಚಿಸಕ್ಕೆ ಮೊದಲು ನಮ್ಮ ಮೇಲೆ ಹಾಕಿದೆ. ಈಗ ಸಿಕ್ಕಿಬಿದ್ದ ಮೇಲೆ ಆ ಬಡಪಾಯಿ ಗಂಡನ ಮೇಲೆ ಹಾಕ್ತೀಯ?”

ಅಮ್ಮ ಆಲೂಗಡ್ಡೆ ತುಂಬಿದ ಚೀಲವನ್ನು ಗಾಡಿಯ ಮೇಲೇ ಬಿಟ್ಟು ಬಂದಳು. ಗಾಡಿಯವನು ತಂದುಕೊಟ್ಟ. ಅವನು ಯಾವ ಗುಂಪಿನಲ್ಲೂ ಇರಲಿಲ್ಲ.

ಮಗು ವಾಸಿಯಾಗಿ ಮನೆಗೆ ಬಂದ ಮೇಲೆ ಮಗಳು ಒಬ್ಬಳೇ ಬಂದಳು. ಕೂರಲಿಲ್ಲ.

“ನಿನ್ನ ಗುಂಪಲ್ಲಿ ಒಂದು ಮಾತು ಹಾಕೋ,” ಎಂದಳು ತಮ್ಮನಿಗೆ. “ಅಪ್ಪ ಮರೆತು ಬಂದಿದ್ದು ಅಂತ. ಮುಗೀತು.”

“ನೀನು ಹಾಕಕ್ಕ, ನಿನ್ನ ಗುಂಪಲ್ಲಿ. ದನಿ ಹೊರಗೆ ಬಂದಿದ್ದು ನಿನ್ನ ಫೋನಿಂದ.”

“ಹಾಕಿದೆ ಕಣೋ! ‘ನಮ್ಮೋರು’ ಅಂದ್ರೆ ನನ್ನ ತಂದೆ ಅಂತ ಬರೆದೆ. ‘ತವರಿನ ಮೋಹ’ ಅಂತ ನಕ್ಕರು. ಮನೇಲಿ ಅತ್ತೆ ಏನಂದ್ರು ಗೊತ್ತಾ? ‘ಹಾಗಾದ್ರೆ ನಿಮ್ಮಪ್ಪನೇ ನಮ್ಮ ಮಗುಗೆ ವಿಷ ಕುಡಿಸಿದ್ದು ಅನ್ನು.’ ನಾನೇನು ಹೇಳಲಿ? ಅಳಿಸಿಹಾಕಿದೆ.”

“ಅಳಿಸಿದ್ಯಾ? ಹಾಗಾದ್ರೆ ನನಗ್ಯಾಕೆ ಹೇಳ್ತೀಯ?”

“ನೀನು ಅದರ ದೊಡ್ಡ ಮನುಷ್ಯ ಅಲ್ವಾ? ದಿನಾ ಬೆಳಿಗ್ಗೆ ಎದ್ದು ನಮ್ಮನ್ನ ಬೈಯಕ್ಕೆ ಬರುತ್ತೆ, ಇದೊಂದು ಬರಲ್ವಾ?”

“ನಿಮ್ಮವರು ಮೊದಲು ಕ್ಷಮೆ ಕೇಳಲಿ.”

“ಯಾತಕ್ಕೋ? ವಾಂತಿ ಮಾಡ್ಕೊಂಡಿದ್ದಕ್ಕಾ?”

ಅಷ್ಟರಲ್ಲಿ, ಮಗನ ಮಾತು ಕೇಳಿ ಇಷ್ಟು ದಿನ ತಡೆದುಕೊಂಡಿದ್ದ ಅಪ್ಪ ಮಾತಾಡಿದ. ಮನೆಯಲ್ಲಿ ಅವನು ದನಿ ಎತ್ತುವುದು ನೀರು ಪೋಲಾದಾಗ ಮಾತ್ರ. “ಇಬ್ಬರೂ ಬಾಯಿ ಮುಚ್ಚಿ. ತಪ್ಪು ನನ್ನದು, ಹೇಳೋನು ನಾನು.” ನೀರು ಬಿಟ್ಟಿದೆ ಎಂದು ಹೇಳಲು ಅವನೊಬ್ಬ ಎರಡೂ ಗುಂಪಿನಲ್ಲಿದ್ದ. ಗಂಟಲು ಸರಿಮಾಡಿಕೊಂಡು, ಎರಡಕ್ಕೂ ಒಂದೇ ಮಾತು ಹಾಕಿದ: “ಹೊಸ ಬ್ಲಾಕಿನ ಟ್ಯಾಂಕಿನ ಮುಚ್ಚಳ ಮುಚ್ಚದೆ ಬಂದವನು ನಾನು. ಬೇರೆ ಯಾರದೂ ಏನೂ ತಪ್ಪಿಲ್ಲ. ನನ್ನ ಮೊಮ್ಮಗಳೂ ಅದೇ ನೀರು ಕುಡಿದಿದಾಳೆ. ಕೈಮುಗಿದು ಕೇಳ್ಕೋತೀನಿ, ಕ್ಷಮಿಸಿ.”

ಅಮ್ಮ ಅವತ್ತು ನೆಮ್ಮದಿಯಿಂದ ಅಕ್ಕಿ ತೊಳೆದಳು. ನಿಜ ಹೇಳಿಯಾಯಿತು, ಇನ್ನೇನು, ನಾಳೆ ಬುಗುರಿ ಬರುತ್ತದೆ.

‘ಸ್ವಚ್ಛ ಕಾಲೊನಿ’ಯಲ್ಲಿ ಮೊದಲ ಉತ್ತರ ಬಂತು: ‘ಪಾಪ ಟ್ಯಾಂಕಪ್ಪ. ತಮ್ಮ ತಪ್ಪನ್ನು ಈ ಮುಗ್ಧನ ತಲೆಗೆ ಕಟ್ಟಿದ್ದಾರೆ.’ ಅದರ ಕೆಳಗೆ ಅಳುವ ಮುಖಗಳ ಸಾಲು. ‘ಮೂಲ ನಿವಾಸಿಗಳು’ ಗುಂಪಿನಲ್ಲಿ: ‘ಮಗಳು ಅವರ ಮನೆಯಲ್ಲಿದ್ದಾಳೆ. ಹೆದರಿಸಿ ಹೇಳಿಸಿದ್ದಾರೆ.’ ಅಲ್ಲಿಯೂ ಅಳುವ ಮುಖಗಳು. ಅದೆಷ್ಟೋ ದಿನಗಳಿಂದ ಯಾವುದಕ್ಕೂ ಒಪ್ಪದ ಎರಡು ಬ್ಲಾಕುಗಳು ಇದೊಂದಕ್ಕೆ ಒಪ್ಪಿದವು: ತಪ್ಪು ಟ್ಯಾಂಕಪ್ಪನದಲ್ಲ.

“ನಾನೇ ಮಾಡಿದ್ದು ಅಂತ ನಾನೇ ಹೇಳಿದ್ರೂ ನಂಬಲ್ಲ ಅಂದ್ರೆ!” ಎಂದು ಅಪ್ಪ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ, ಅದು ಸೋರುತ್ತಿರುವ ನಲ್ಲಿಯೇನೋ ಎಂಬಂತೆ. ಅಜ್ಜಿ ಮಾತ್ರ, “ನಾನು ನಂಬ್ತೀನಪ್ಪ. ಹುಟ್ಟಿದಾಗಿಂದ ನೀನು ಯಾವ ಮುಚ್ಚಳ ಮುಚ್ಚಿದೀಯ?” ಎಂದಳು.

ಹೊಸ ಬ್ಲಾಕಿನ ಸಮಿತಿಯ ಹಿರಿಯರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಟ್ಯಾಂಕಪ್ಪನ ಇಬ್ಬರು ಮಕ್ಕಳಿಗೂ ಲೆಕ್ಕ ಕಲಿಸಿದವರು. ಫೋನು ಬೇಡ, ಮುಖ ನೋಡಿ ಮಾತಾಡೋಣ ಎಂದು ಗಂಡ ಹೆಂಡತಿ ಅವರ ಮನೆಗೆ ಹೋದರು. ಮೇಷ್ಟ್ರು ಕೂರಿಸಿದರು, ಚಹಾ ಕೊಡಿಸಿದರು, ಪೂರ್ತಿ ಕೇಳಿದರು.

“ನಂಗೆ ಮೊದಲೇ ಅನ್ನಿಸಿತ್ತು, ಹೀಗೇ ಏನೋ ಆಗಿದೆ ಅಂತ. ಮುಚ್ಚಳ ಮರೆಯೋದು ಮನುಷ್ಯರ ತಪ್ಪು. ಇಷ್ಟು ಸಂಚು ಮಾಡಕ್ಕೆ ನಮ್ಮ ಕಾಲೊನಿಯಲ್ಲಿ ಅಷ್ಟು ತಲೆ ಯಾರಿಗಿದೆ?”

ಅಮ್ಮ ಗಟ್ಟಿಯಾಗಿ ಉಸಿರು ಬಿಟ್ಟಳು. “ನೀವು ಇದನ್ನೇ ಗುಂಪಲ್ಲಿ ಹೇಳಿಬಿಡಿ ಮೇಷ್ಟ್ರೇ. ನಿಮ್ಮ ಮಾತು ಕೇಳ್ತಾರೆ.”

ಮೇಷ್ಟ್ರು ಚಹಾದ ಲೋಟವನ್ನು ಬಟ್ಟಲೊಳಗೆ ಸರಿಯಾಗಿ ಕೂರಿಸಿದರು. “ಮೊನ್ನೆ ಒಬ್ಬರು ‘ಸ್ವಲ್ಪ ವಿಚಾರಿಸಿ ನೋಡೋಣ’ ಅಂದ್ರು. ಅಷ್ಟೇ ಅಂದಿದ್ದು. ಅವರ ಕಾರಿನ ಮೇಲೆ ಕಸ ಸುರಿದಿದಾರೆ. ನನಗೆ ಈ ವಯಸ್ಸಲ್ಲಿ... ಅದರಲ್ಲೇ ನನಗೆ ಬೆಳಿಗ್ಗೆ ಜೊತೆಗೆ ನಡೆಯೋರು, ಔಷಧಿ ತಂದುಕೊಡೋರು ಎಲ್ಲ ಇರೋದು ತಾಯಿ.”

“ಸರಿ ಮೇಷ್ಟ್ರೇ,” ಎಂದ ಅಪ್ಪ. ಬಾಗಿಲವರೆಗೆ ಬಂದ ಮೇಷ್ಟ್ರು ಹೊರಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಆಮೇಲೆ ಕಳಿಸಿದರು.

ಮುಂದಿನ ವಾರ ಹೊಸ ಬ್ಲಾಕಿನವರು ತಮ್ಮ ಟ್ಯಾಂಕಿಗೆ ಬೇರೆ ಆಳನ್ನು ಇಟ್ಟುಕೊಂಡರು. ಟ್ಯಾಂಕಪ್ಪನ ಮೇಲೆ ಅನುಮಾನದಿಂದಲ್ಲ, ಅವನನ್ನು ಹಳೇ ಬ್ಲಾಕಿನವರು ಮತ್ತೆ ಬಳಸಿಕೊಳ್ಳಬಾರದು ಎಂಬ ಕರುಣೆಯಿಂದ. ಚಿಕ್ಕ ಗೇಟಿಗೆ ಆ ಕಡೆಯಿಂದ ಸರಪಳಿ ಬೀಗ ಬಿತ್ತು. ಎರಡು ದಿನ ಬಿಟ್ಟು ಮಗ ಪೇಟೆಯಿಂದ ಇನ್ನೊಂದು ಬೀಗ ತಂದ.

“ಆ ಕಡೆಯಿಂದ ಬಿದ್ದಾಯ್ತಲ್ಲೋ, ಇದ್ಯಾಕೆ?” ಎಂದಳು ಅಮ್ಮ.

“ಅವರು ತೆಗೆದ್ರೂ ನಾವು ತೆಗೆಯಲ್ಲ ಅಂತ ಗೊತ್ತಾಗಬೇಕು.”

“ಬುಗುರಿ ಬರೋದು ಆ ಗೇಟಿಂದ ಕಣೋ.”

“ಬರ್ತಿದಾಳಾ ಈಗ?” ಎಂದ ಮಗ. ಕೇಳಿದ ಮೇಲೆ ಅವನಿಗೂ ಕೆಡುಕೆನಿಸಿರಬೇಕು, ಅಮ್ಮನ ಮುಖ ನೋಡಲಿಲ್ಲ. ಆದರೂ ಬೀಗ ಹಾಕಿ ಬಂದ, ಫೋಟೊ ಹಾಕಿದ, ಮನೆಯೊಳಗೆ ಬರುವಷ್ಟರಲ್ಲಿ ಊರೆಲ್ಲ ಹೆಬ್ಬೆರಳು ಎತ್ತಿತ್ತು.

ಮಗು ಬರಲಿಲ್ಲ. ಹೊಸ ಬ್ಲಾಕಿನ ಹೆಂಗಸರೇ ಕೆಳಗಿನ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದರು. ಮಗಳು ಮೊದಮೊದಲು ದಿನಾ ಫೋನು ಮಾಡಿ ಮಗುವಿನ ದನಿ ಕೇಳಿಸುತ್ತಿದ್ದಳು. ಆಮೇಲೆ ಎರಡು ದಿನಕ್ಕೊಮ್ಮೆಯಾಯಿತು. ಮಾತಿನ ನಡುವೆ ಹಿಂದೆ ಯಾರಾದರೂ ಬಂದರೆ, “ಹೂಂ ಮೇಡಮ್, ನಾಳೆ ಫ್ರೇಮು ಬರುತ್ತೆ,” ಎಂದು ತಾಯಿಯನ್ನು ಅಂಗಡಿಯ ಗಿರಾಕಿ ಮಾಡಿಬಿಡುತ್ತಿದ್ದಳು. ಅಮ್ಮ ಮೊದಲ ಸಲ, “ಯಾವ ಫ್ರೇಮೇ?” ಎಂದು ಕೇಳಿದ್ದಳು. ಎರಡನೇ ಸಲ, “ಸರಿಯಮ್ಮ,” ಎಂದಳು.

ಕೂಗಿದರೆ ಕೇಳುವಷ್ಟು ದೂರದಲ್ಲಿರುವ ಮಗುವನ್ನು ನೋಡದೆ ಒಂದು ಹೆಂಗಸು ಎಷ್ಟು ದಿನ ಇರಬಲ್ಲಳು? ಒಂದು ಸಂಜೆ ಅಮ್ಮ ಬೇಳೆ ಅನ್ನ ಮೆತ್ತಗೆ ಕಲಸಿ, ಮೇಲೊಂದು ಮೊಟ್ಟೆ ಇಟ್ಟು, ಡಬ್ಬಿಗೆ ಹಾಕಿ, ಯಾರಿಗೂ ಹೇಳದೆ ದೊಡ್ಡ ರಸ್ತೆಯ ಮೇಲಿಂದ ಸುತ್ತಿ ಹೊಸ ಬ್ಲಾಕಿನ ಮುಂಬಾಗಿಲಿಗೆ ಹೋದಳು. ಕಾವಲಿನವನು ಒಳಗೆ ಬಿಡಲಿಲ್ಲ. ಪಕ್ಕದ ಕಂಬಿಗಳ ಆಚೆ ಮಕ್ಕಳು ಆಡುತ್ತಿದ್ದವು.

“ಅಮ್ಮಮ್ಮ!” ಬುಗುರಿ ಓಡಿ ಬಂತು. ಬಡವಾಗಿತ್ತು, ಕೂದಲನ್ನು ಬೇರೆ ಯಾರೋ ಬೇರೆ ಥರ ಬಾಚಿದ್ದರು. ಅಮ್ಮ ಕಂಬಿಯೊಳಗೆ ಕೈ ತೂರಿಸಿ ಕೆನ್ನೆ ಮುಟ್ಟಿದಳು. ಆಮೇಲೆ ಡಬ್ಬಿ ತೆಗೆದು ಒಂದು ತುತ್ತು ಹಿಡಿದಳು. ಮಗು ಬಾಯಿ ತೆರೆಯಿತು, ಏನೋ ನೆನಪಾಗಿ ಮುಚ್ಚಿಕೊಂಡಿತು.

“ನಿಮ್ಮನೇದು ತಿನ್ನಬಾರದಂತೆ. ವಾಂತಿ ಬರುತ್ತಂತೆ.”

“ಯಾರು ಹೇಳಿದ್ದು ಕಂದ?”

“ಎಲ್ಲಾರೂ.” ಕೋಪವಿಲ್ಲ, ಹೆದರಿಕೆಯಿಲ್ಲ, ಮಳೆ ಬರುತ್ತಿದೆ ಎಂದು ಹೇಳಿದ ಹಾಗೆ ಹೇಳಿತು. ಹೇಳಿ ಆಡಲು ಓಡಿತು.

ಕೆಲಸದಿಂದ ಬರುತ್ತಿದ್ದ ಮಗಳು ತಾಯಿಯನ್ನು ಕಂಡು ಹತ್ತಿರ ಬಂದಳು. ತುತ್ತು ಇನ್ನೂ ಅಮ್ಮನ ಕೈಯಲ್ಲೇ ಇತ್ತು.

“ಅಮ್ಮ, ಹೋಗು. ಯಾರಾದ್ರೂ ಫೋಟೊ ತೆಗೀತಾರೆ.”

“ಒಂದು ತುತ್ತು ಕಣೇ. ನೀನು ಹೇಳಿದ್ರೆ ತಿನ್ನುತ್ತೆ.”

“ದಮ್ಮಯ್ಯ, ಹೋಗಮ್ಮ.” ಮಗಳ ಕಣ್ಣಲ್ಲಿ ನೀರಿತ್ತು. ಆದರೂ ಅವಳು ನೋಡುತ್ತಿದ್ದದ್ದು ತಾಯಿಯನ್ನಲ್ಲ, ಮೇಲಿನ ಬಾಲ್ಕನಿಗಳನ್ನು.

ಅಮ್ಮ ಮತ್ತೆ ದೊಡ್ಡ ರಸ್ತೆ ಸುತ್ತಿ ಮನೆಗೆ ಬಂದಳು. ಅವಳಿಗಿಂತ ಮೊದಲು ಫೋಟೊ ಬಂದಿತ್ತು. ಮಗ ಫೋನು ಮುಂದೆ ಹಿಡಿದ. ಕಂಬಿಯೊಳಗೆ ಕೈ ತೂರಿಸಿ ನಿಂತ ಮುದಿ ಹೆಂಗಸು, ಕೈಯಲ್ಲಿ ಅನ್ನ. ಕೆಳಗೆ ಬರೆದಿತ್ತು: ‘ಟ್ಯಾಂಕು ಆಯಿತು, ಈಗ ಊಟದ ಡಬ್ಬಿ ಹಿಡಿದು ಬಂದಿದ್ದಾರೆ. ತಾಯಂದಿರೇ, ಎಚ್ಚರ.’ ಮಗ ಒಂದೊಂದಾಗಿ ಕೆಳಗಿನ ಮಾತುಗಳನ್ನು ಓದಿದ. ಅದರಲ್ಲೊಂದು ನಾದಿನಿಯದು. ಮಗಳದ್ದು ಇರಲಿಲ್ಲ, ತಾಯಿಯ ಪರವಾಗಿಯೂ ಅವಳು ಒಂದು ಮಾತು ಬರೆದಿರಲಿಲ್ಲ.

ಅಮ್ಮ ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಅವಳ ಬಾಯಲ್ಲಿ ಯಾರೂ ಎಂದೂ ಕೇಳಿರದ ದನಿಯಲ್ಲಿ ಹೇಳಿದಳು:

“ಅವರು ಮನುಷ್ಯರೇ ಅಲ್ಲ.”

ಕಿಟಕಿಯ ಕೆಳಗೆ ಕೂತು ನಲ್ಲಿಯ ವಾಷರು ಕತ್ತರಿಸುತ್ತಿದ್ದ ಅಪ್ಪ ಬೆಚ್ಚಿ ತಲೆಯೆತ್ತಿದ.

“ನಾನೇನು ಮಾಡ್ದೆನೇ?”

“ನಿಮ್ಮನ್ನಲ್ಲ ಅಂದಿದ್ದು,” ಎಂದಳು ಅವಳು. ಮಗನ ಪಕ್ಕಕ್ಕೆ ಹೋಗಿ ಕೂತು, “ಇನ್ನೂ ಏನೇನು ಬರೆದಿದಾರೆ, ಓದೋ,” ಎಂದಳು.